ದಿನ ಓಡಿಸುವ ಕಾರನ್ನೇ ಆಟೋಕ್ರಾಸ್‌ಗೆ ಸಜ್ಜು ಮಾಡುವುದು: ಗಾಳಿ ಮೊದಲು, ಸ್ಪ್ರಿಂಗ್ ಕೊನೆಗೆ

ನನಗೆ ಬರುವ ಫೋಟೊ ಯಾವಾಗಲೂ ಒಂದೇ. ಮುಂದಿನ ಟೈರಿನ ಹೊರ ಅಂಚು ಕಿತ್ತು ಹೋಗಿರುತ್ತದೆ, ನಡುಭಾಗ ಮಾತ್ರ ಹೊಸದರ ಹಾಗೆ ಇರುತ್ತದೆ. ಜೊತೆಗೆ ಒಂದು ಪ್ರಶ್ನೆ: “ಅಣ್ಣಾ, ಸ್ಪ್ರಿಂಗ್ ಬದಲಿ ಮಾಡೀನಿ, ಆದ್ರೂ ತಿರುವಿನ್ಯಾಗ ಗಾಡಿ ಸೀದಾ ಹೊಂಟದ, ಯಾಕ್ರಿ?” ಕಲಬುರಗಿಯಿಂದ ಹೈದರಾಬಾದ್‌ವರೆಗೆ ಇನ್ನೂರು ಚಿಲ್ಲರೆ ಕಿಲೋಮೀಟರ್ ಅದೇ ಕಾರು ಓಡಿಸಿಕೊಂಡು ಹೋಗಿ, ಆಟೋಕ್ರಾಸ್‌ನ (ಕೋನ್‌ಗಳ ನಡುವೆ ಒಬ್ಬೊಬ್ಬರಾಗಿ ಓಡಿಸಿ ಸಮಯ ಅಳೆಯುವ ಸ್ಪರ್ಧೆ) ಒಂದೊಂದು ನಿಮಿಷದ ನಾಲ್ಕು ರನ್‌ಗೆ ದುಡ್ಡು ಕಟ್ಟಿ, ಕೋನ್ ಉರುಳಿಸಿ ವಾಪಸ್ ಬಂದವರ ಪ್ರಶ್ನೆ ಇದು.

ಇವರೆಲ್ಲ ಮೊದಲು ಸ್ಪ್ರಿಂಗ್ ಕೊಂಡಿರುತ್ತಾರೆ, ಆಮೇಲೆ ಅಗಲದ ಟೈರ್, ಅದಾದ ಮೇಲೆ ನೆನಪಾದರೆ ಅಲೈನ್‌ಮೆಂಟ್. ಗಾಳಿಯಂತೂ ಬಂಕ್ ಹುಡುಗನ ಕೈಯಲ್ಲಿ. ಈ ಸಾಲನ್ನು ಉಲ್ಟಾ ಮಾಡಿ, ಅರ್ಧ ಸಮಸ್ಯೆ ಹೋಗುತ್ತದೆ. ನಾನಿಲ್ಲಿ ಹೇಳುವುದು ಮುಂದಿನ ಚಕ್ರ ಎಳೆಯುವ ಸಣ್ಣ ಕಾರುಗಳಿಗೆ: ಸ್ವಿಫ್ಟ್, ಐ20, ಆ ಜಾತಿ. ಇವುಗಳಲ್ಲಿ ಮುಂದೆ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಸೇರಿದ ಒಂದೇ ಕಂಬ), ಹಿಂದೆ ಟಾರ್ಷನ್ ಬೀಮ್ (ಎರಡೂ ಚಕ್ರ ಸೇರಿಸುವ ತೊಲೆ) ಇರುತ್ತದೆ.

ಶುರು ಮಾಡುವ ಮೊದಲು ಎರಡು ಮಾತು. ಸಾಮಾನ್ಯ ಮೋಟಾರು ವಿಮೆ ಆಯೋಜಿತ ರೇಸ್, ವೇಗದ ಪರೀಕ್ಷೆ ಇಂಥವಕ್ಕೆ ಅನ್ವಯಿಸುವುದಿಲ್ಲ. ಅಲ್ಲಿ ಗುದ್ದಿದರೆ ಖರ್ಚು ನಿಮ್ಮದೇ. ಎರಡನೆಯದು, ಸ್ಪರ್ಧೆಯ ಕ್ಲಾಸ್ ನಿಯಮ ಮೊದಲು ಓದಿ. ಎಫ್‌ಎಂಎಸ್‌ಸಿಐ (ಭಾರತದ ಮೋಟಾರ್ ಕ್ರೀಡಾ ಒಕ್ಕೂಟ) ಮಾನ್ಯತೆಯ ಸ್ಪರ್ಧೆಗಳಲ್ಲಿ ಯಾವ ಕ್ಲಾಸಿಗೆ ಏನು ಬದಲಾಯಿಸಬಹುದು ಅಂತ ಬರೆದಿರುತ್ತಾರೆ. ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಬದಲಿಸುವ ಬೋಲ್ಟ್ ಹಾಕಿಸಿ ಖುಷಿಯಾಗಿ ಹೋಗಿ, ದೊಡ್ಡ ಕ್ಲಾಸಿಗೆ ಬಿದ್ದು ಕೊನೆಯ ಸ್ಥಾನ ತಗೊಂಡವರು ಇದ್ದಾರೆ.

## ಕೈಯಲ್ಲಿ ಇರಬೇಕಾದ ಸಾಮಾನು

ಸ್ವಂತ ಟೈರ್ ಗೇಜ್ ಒಂದು. ಇದಕ್ಕೆ ಜಿಪುಣತನ ಬೇಡ. 12 ವೋಲ್ಟ್‌ನ ಸಣ್ಣ ಕಂಪ್ರೆಸರ್, ಇಲ್ಲವೇ ಕಾಲಿನ ಪಂಪ್. ಟಾರ್ಕ್ ವ್ರೆಂಚ್. ಜ್ಯಾಕ್ ಜೊತೆಗೆ ಎರಡು ಜ್ಯಾಕ್ ಸ್ಟ್ಯಾಂಡ್. ಬರೀ ಜ್ಯಾಕ್ ನಂಬಿ ಕಾರಿನ ಕೆಳಗೆ ಹೋಗಬೇಡಿ, ಇಟ್ಟಿಗೆ ಪೇರಿಸಿ ಅದರ ಮೇಲಂತೂ ನಿಲ್ಲಿಸಲೇಬೇಡಿ. ಬಿಳಿ ಶೂ ಪಾಲಿಶ್ ಅಥವಾ ಸೀಮೆಸುಣ್ಣ, ನೈಲಾನ್ ದಾರ, ಸ್ಟೀಲ್ ಸ್ಕೇಲ್, ಒಂದು ನೋಟ್‌ಬುಕ್.

ಇನ್ನೆರಡು ಸಾಮಾನನ್ನು ಪರಿಚಯದ ಗೌಂಡಿಯ ಹತ್ತಿರ ಎರವಲು ಕೇಳಿ: ಗೋಡೆ ನೆಟ್ಟಗಿದೆಯಾ ನೋಡುವ ಗುಂಡು, ಮತ್ತೆ ನೀರು ತುಂಬಿದ ಲೆವೆಲ್ ಪೈಪ್. ದುಬಾರಿ ಕ್ಯಾಂಬರ್ ಗೇಜ್ ಮಾಡುವ ಕೆಲಸವನ್ನು ಇವೇ ಮಾಡುತ್ತವೆ, ಹೇಗೆ ಅಂತ ಮುಂದೆ ಹೇಳುತ್ತೇನೆ.

## ಹಂತ 1: ಹಳೆಯ ಸವೆತ ಹುಡುಕಿ

ಸೇಡಂ ಕಡೆ ಸಿಮೆಂಟ್ ಲಾರಿ ಓಡಾಡುವ ರಸ್ತೆಯಲ್ಲಿ ಒಂದು ಮಳೆಗಾಲ ಕಳೆದ ಕಾರಿನ ಕೆಳಗೆ ಏನಾದರೂ ಒಂದು ಸಡಿಲ ಆಗಿಯೇ ಇರುತ್ತದೆ. ಸಡಿಲ ಇರುವ ಕಾರಿಗೆ ಅಲೈನ್‌ಮೆಂಟ್ ಮಾಡಿಸುವುದು ದುಡ್ಡು ದಂಡ. ಯಂತ್ರದ ಮೇಲೆ ಒಂದು ಅಂಕಿ ಬರುತ್ತದೆ, ತಿರುವಿನಲ್ಲಿ ಇನ್ನೊಂದಾಗುತ್ತದೆ.

ಮುಂದಿನ ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಮೇಲೆ ಒಂದು ಕೈ, ಕೆಳಗೆ ಒಂದು ಕೈ ಇಟ್ಟು ಅಲುಗಾಡಿಸಿ. ಆಟ ಇದ್ದರೆ ವೀಲ್ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಎಡಕ್ಕೆ ಬಲಕ್ಕೆ ಕೈ ಇಟ್ಟು ಅಲುಗಾಡಿಸಿದಾಗ ಆಟ ಕಂಡರೆ ಹೆಚ್ಚಾಗಿ ಟೈ ರಾಡ್ (ಸ್ಟೀರಿಂಗ್‌ನಿಂದ ಚಕ್ರ ತಿರುಗಿಸುವ ಸಲಾಕೆ) ಎಂಡ್. ಶಾಕ್ ಅಬ್ಸಾರ್ಬರ್ ಮೇಲೆ ಎಣ್ಣೆ ಹರಿದು ಅದಕ್ಕೆ ಧೂಳು ಮೆತ್ತಿಕೊಂಡಿದ್ದರೆ ಅದರ ಆಯುಸ್ಸು ಮುಗಿದಿದೆ. ಬದಲಾಯಿಸುವಾಗ ಎರಡೂ ಬದಿ ಒಟ್ಟಿಗೆ ಬದಲಾಯಿಸಿ. ಲೋವರ್ ಆರ್ಮ್ (ಚಕ್ರವನ್ನು ಕಾರಿಗೆ ಸೇರಿಸುವ ಕೆಳಗಿನ ತೋಳು) ಬುಷ್ ರಬ್ಬರ್ ಸೀಳಿದೆಯಾ ಟಾರ್ಚ್ ಹಾಕಿ ನೋಡಿ. ರಿಮ್ ಅನ್ನು ಕೈಯಲ್ಲಿ ತಿರುಗಿಸಿ, ಒಳಗಿನ ಅಂಚು ಡೊಂಕಾಗಿದ್ದರೆ ಕಣ್ಣಿಗೇ ಕಾಣುತ್ತದೆ.

ಬ್ರೇಕ್ ಪ್ಯಾಡ್, ಬ್ರೇಕ್ ಆಯಿಲ್ ಕೂಡ ಈಗಲೇ ನೋಡಿಬಿಡಿ. ಆಯಿಲ್ ಹಾಕಿಸಿ ಎರಡು ವರ್ಷ ದಾಟಿದ್ದರೆ ಬದಲಾಯಿಸಿ, ಅದು ಗಾಳಿಯಿಂದ ನೀರು ಹೀರಿಕೊಳ್ಳುತ್ತದೆ.

ಎಚ್ಚರಿಕೆಯ ಲಕ್ಷಣ: ಸ್ಪೀಡ್ ಬ್ರೇಕರ್ ದಾಟುವಾಗ ಕಟಕಟ ಸದ್ದು, 80ರ ಮೇಲೆ ಸ್ಟೀರಿಂಗ್ ನಡುಕ, ಬ್ರೇಕ್ ಹಾಕಿದಾಗ ಒಂದು ಬದಿಗೆ ಎಳೆತ. ಇವುಗಳಲ್ಲಿ ಒಂದಿದ್ದರೂ ಹಂತ 2ಕ್ಕೆ ಹೋಗಬೇಡಿ.

## ಹಂತ 2: ಟೈರ್

ಟೈರಿನ ಪಕ್ಕದಲ್ಲಿ ಡಿಒಟಿ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2323 ಅಂದರೆ 2023ರ 23ನೇ ವಾರ ತಯಾರಾದದ್ದು. ನಮ್ಮ ಬಿಸಿಲಿಗೆ, ಅದರಲ್ಲೂ ದಿನವಿಡೀ ಬಯಲಲ್ಲಿ ನಿಲ್ಲುವ ಕಾರಿಗೆ, ಟೈರ್ ಸವೆಯುವ ಮುಂಚೆಯೇ ಗಟ್ಟಿಯಾಗುತ್ತದೆ. ಉಗುರು ಒತ್ತಿ ನೋಡಿ, ಸ್ವಲ್ಪವೂ ಒಳಗೆ ಹೋಗದಿದ್ದರೆ ಗ್ರಿಪ್ ಎಲ್ಲಿಂದ ಬರಬೇಕು? ಪಕ್ಕದಲ್ಲಿ ಬುಗುಟು ಎದ್ದಿದ್ದರೆ ಆ ಟೈರ್ ಸ್ಪರ್ಧೆಗೂ ಬೇಡ, ಹೆದ್ದಾರಿಗೂ ಬೇಡ.

ಹೊಸದು ಕೊಳ್ಳುವುದಾದರೆ ಟ್ರೆಡ್‌ವೇರ್ ಅಂಕಿ ನೋಡಿ. ಅಂಕಿ ಕಡಿಮೆ ಇದ್ದಷ್ಟು ಸಾಮಾನ್ಯವಾಗಿ ರಬ್ಬರ್ ಮೆತ್ತಗೆ, ಸವೆತ ಬೇಗ. ಆದರೆ ಪ್ರತಿ ಕಂಪನಿ ಈ ಅಂಕಿಯನ್ನು ತಾನೇ ಕೊಟ್ಟುಕೊಳ್ಳುತ್ತದೆ. ಹಾಗಾಗಿ ಒಂದೇ ಕಂಪನಿಯ ಎರಡು ಟೈರ್ ಹೋಲಿಸಲು ಸರಿ, ಬೇರೆ ಬೇರೆ ಕಂಪನಿಯದಕ್ಕೆ ಅಷ್ಟು ನಂಬಬೇಡಿ.

ಅಳತೆಯಲ್ಲಿ ಜನ ಜಾಸ್ತಿ ಎಡವುತ್ತಾರೆ. ಸ್ವಿಫ್ಟ್‌ನ 185/65 ಆರ್15 (ಅಗಲ ಮಿಲಿಮೀಟರ್‌ನಲ್ಲಿ, ಪಕ್ಕದ ಗೋಡೆ ಅಗಲದ ಶೇಕಡದಲ್ಲಿ, ರಿಮ್ ಇಂಚಿನಲ್ಲಿ) ಟೈರಿನ ಒಟ್ಟು ಎತ್ತರ ಸುಮಾರು 621 ಮಿಲಿಮೀಟರ್. 195/60 ಆರ್15 ಹಾಕಿದರೆ 615, ಅಂದರೆ ಶೇಕಡ ಒಂದರಷ್ಟೇ ವ್ಯತ್ಯಾಸ. ಸ್ಪೀಡೋಮೀಟರ್‌ಗೂ ತೊಂದರೆ ಇಲ್ಲ, ಹಳೆಯ ರಿಮ್ 5.5 ಇಂಚು ಅಗಲ ಇದ್ದರೆ ಅದರ ಮೇಲೂ ಕೂರುತ್ತದೆ. 195/55 ಹಾಕಿದರೆ 595ಕ್ಕೆ ಇಳಿಯುತ್ತದೆ. ಕಾರು 13 ಮಿಲಿಮೀಟರ್ ಕುಗ್ಗುತ್ತದೆ, ನಮ್ಮೂರ ಸ್ಪೀಡ್ ಬ್ರೇಕರ್‌ಗೆ ಹೊಟ್ಟೆ ತಾಗಲು ಅಷ್ಟು ಸಾಕು. ಲೋಡ್ ಇಂಡೆಕ್ಸ್ ಮೂಲ ಟೈರಿಗಿಂತ ಕಡಿಮೆ ಆಗಬಾರದು. 85 ಅಂದರೆ ಒಂದು ಟೈರಿಗೆ 515 ಕೆಜಿ, 88 ಅಂದರೆ 560.

ಇನ್ನೊಂದು ವಿಷಯ ಅಂಗಡಿಯವರು ಹೇಳುವುದಿಲ್ಲ. ಒಣ ನೆಲದ ಮೇಲೆ ಹೊಚ್ಚ ಹೊಸ ಟೈರಿಗಿಂತ ಅರ್ಧ ಸವೆದದ್ದೇ ಚೆನ್ನಾಗಿ ತಿರುಗುತ್ತದೆ, ಯಾಕಂದರೆ ಎತ್ತರದ ರಬ್ಬರ್ ಗುಬ್ಬಿಗಳು ತಿರುವಿನಲ್ಲಿ ಬಾಗಿ ತೊನೆಯುತ್ತವೆ. ಹಾಗಂತ ನುಣ್ಣಗಾದ ಟೈರಿನಲ್ಲಿ ಹೈದರಾಬಾದ್‌ಗೆ ಹೊರಡಬೇಡಿ, ಟ್ರೆಡ್ ಆಳಕ್ಕೆ 1.6 ಮಿಲಿಮೀಟರ್ ಕನಿಷ್ಠ ಮಿತಿ, ಮಳೆಗಾಲದಲ್ಲಿ 3 ಇದ್ದರೂ ಕಡಿಮೆಯೇ. ಹೊಸದು ಹಾಕಿಸಿದ್ದರೆ 150–200 ಕಿಲೋಮೀಟರ್ ಮೆಲ್ಲಗೆ ಓಡಿಸಿ, ಆಮೇಲೆ ಜೋರು.

## ಹಂತ 3: ಗಾಳಿ

ಎಲ್ಲಕ್ಕಿಂತ ಅಗ್ಗದ ಹಂತ ಇದು, ಎಲ್ಲಕ್ಕಿಂತ ಜಾಸ್ತಿ ಫಲ ಕೊಡುವುದೂ ಇದೇ. ನಾನು ಮೊದಲ ಸಲ ಹೋದಾಗ ದಾರಿಯ ಒಂದು ಬಂಕ್‌ನಲ್ಲಿ 38 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ತುಂಬಿಸಿಕೊಂಡು ಹೋದೆ. ಮೂರು ರನ್ ಮುಂದಿನ ಟೈರ್ ಕಿರುಚಿತು, ಕಾರು ತಿರುಗಲಿಲ್ಲ. ಪಕ್ಕದಲ್ಲಿ ನಿಂತಿದ್ದವರ ಗೇಜ್ ಇಟ್ಟು ನೋಡಿದರೆ 33. ಆವತ್ತೇ ಸ್ವಂತ ಗೇಜ್ ಕೊಂಡೆ.

ಚಾಲಕನ ಬಾಗಿಲ ಹತ್ತಿರ ಅಂಟಿಸಿರುವ ಚೀಟಿಯ ಅಂಕಿಯಿಂದ ಶುರು ಮಾಡಿ. ಅದರ ಮೇಲೆ ಮುಂದೆ 6, ಹಿಂದೆ 4 ಪಿಎಸ್‌ಐ ಸೇರಿಸಿ. ಚೀಟಿಯಲ್ಲಿ ಎರಡಕ್ಕೂ 32 ಇದ್ದರೆ ಮುಂದೆ 38, ಹಿಂದೆ 36. ಟೈರಿನ ಪಕ್ಕದಲ್ಲಿ ಅಚ್ಚೊತ್ತಿದ ಗರಿಷ್ಠ ಅಂಕಿ, ಹೆಚ್ಚಾಗಿ 44 ಅಥವಾ 51, ತಣ್ಣಗಿನ ಅಳತೆಗೆ ಮಿತಿ. ಅದನ್ನು ದಾಟಬೇಡಿ.

ಈಗ ಶೂ ಪಾಲಿಶ್ ತೆಗೆಯಿರಿ. ಟ್ರೆಡ್‌ನ ಹೊರ ಅಂಚಿನಿಂದ ಪಕ್ಕದ ಗೋಡೆಯವರೆಗೆ ಇಳಿಯುವ ಹಾಗೆ ಮೂರು ಕಡೆ ಗೆರೆ ಎಳೆಯಿರಿ. ಅಲ್ಲೇ ಭುಜದ ಮೇಲೆ ಸಣ್ಣ ತ್ರಿಕೋನದ ಗುರುತು ಇರುತ್ತದೆ, ಬಹಳ ಟೈರುಗಳಲ್ಲಿ. ಒಂದು ರನ್ ಮುಗಿಸಿ ಬಂದು ನೋಡಿ. ಗೆರೆ ತ್ರಿಕೋನದ ತುದಿಯವರೆಗೆ ಅಳಿಸಿದ್ದರೆ ಗಾಳಿ ಸರಿ ಇದೆ. ತ್ರಿಕೋನ ದಾಟಿ ಕೆಳಗೂ ಅಳಿಸಿದ್ದರೆ ಟೈರ್ ಮಗುಚಿಕೊಂಡು ಗೋಡೆಯ ಮೇಲೆ ನಿಂತಿದೆ, 2 ಪಿಎಸ್‌ಐ ಸೇರಿಸಿ. ಟ್ರೆಡ್ ಅಂಚಿನಲ್ಲೇ ಬಿಳಿ ಉಳಿದಿದ್ದರೆ 2 ಇಳಿಸಿ. ಒಂದು ಸಲಕ್ಕೆ ಎರಡೇ, ಐದೈದು ಏರಿಸಬೇಡಿ.

ನಮ್ಮ ಕಡೆ ಇನ್ನೊಂದು ಲೆಕ್ಕ ಸೇರುತ್ತದೆ. ಸುತ್ತಲ ಬಿಸಿ 6 ಡಿಗ್ರಿ ಏರಿದರೆ ಗಾಳಿ ಸುಮಾರು 1 ಪಿಎಸ್‌ಐ ಏರುತ್ತದೆ. ಏಪ್ರಿಲ್‌ನಲ್ಲಿ ಬೆಳಗ್ಗೆ 24 ಡಿಗ್ರಿ ಇರುವಾಗ ತುಂಬಿಸಿದ 38, ಮಧ್ಯಾಹ್ನ 42ಕ್ಕೆ ಏರಿದಾಗ ಕಾರು ನಿಂತಲ್ಲೇ 41 ಆಗಿರುತ್ತದೆ. ರನ್ ಓಡಿಸಿದರೆ ಇನ್ನೂ ಮೇಲೆ. ಬೆಳಗ್ಗೆ ಚೆನ್ನಾಗಿ ತಿರುಗಿದ ಕಾರು ಊಟದ ನಂತರ ಜಾರಲು ಇದು ಮುಖ್ಯ ಕಾರಣ, ಆದರೆ ಜನ ಆಗ ಸಸ್ಪೆನ್ಷನ್ ಬೈಯುತ್ತಾರೆ. ಪ್ರತಿ ರನ್‌ಗೂ ಮುಂಚೆ ಅಳೆಯಿರಿ. ಒಂದು ಬದಿಗಷ್ಟೇ ಬಿಸಿಲು ಬೀಳುವ ಹಾಗೆ ಕಾರು ನಿಲ್ಲಿಸಬೇಡಿ, ಎಡ ಬಲ ಟೈರುಗಳ ಗಾಳಿ ಬೇರೆ ಬೇರೆ ಆಗುತ್ತದೆ. ಒದ್ದೆ ಗೋಣಿಚೀಲ ಹೊದಿಸಿದರೆ ಇನ್ನೂ ಒಳ್ಳೆಯದು.

ನೈಟ್ರೋಜನ್ ಬೇಕಾ ಅಂತ ಕೇಳುತ್ತಾರೆ. ಒಂದು ನಿಮಿಷದ ರನ್‌ಗೆ ಏನೂ ವ್ಯತ್ಯಾಸ ಕಾಣುವುದಿಲ್ಲ, ಆ ದುಡ್ಡಿಗೆ ಚಾ, ಮಿರ್ಚಿ ಭಜಿ ತಿನ್ನಿ.

## ಹಂತ 4: ಅಲೈನ್‌ಮೆಂಟ್

ಮೊದಲು ನೆಲ. ಮನೆ ಮುಂದೆ ಶಹಾಬಾದ್ ಕಲ್ಲು ಹಾಸಿರುತ್ತೀರಿ, ನೋಡಲು ಸಮ ಕಾಣುತ್ತದೆ, ಆದರೆ ನೀರು ಹರಿಯಲಿ ಅಂತ ಗೌಂಡಿ ಇಳಿಜಾರು ಕೊಟ್ಟಿರುತ್ತಾನೆ. ಎಡಚಕ್ರಕ್ಕೂ ಬಲಚಕ್ರಕ್ಕೂ ನಡುವೆ ಒಂದೂವರೆ ಮೀಟರ್ ಇಟ್ಟುಕೊಳ್ಳಿ, ಅಷ್ಟರಲ್ಲಿ 1 ಸೆಂಟಿಮೀಟರ್ ಇಳಿದಿದ್ದರೆ ಕ್ಯಾಂಬರ್ ಅಳತೆ ಒಂದು ಬದಿಗೆ 0.4 ಡಿಗ್ರಿಯಷ್ಟು ಜಾಸ್ತಿ, ಇನ್ನೊಂದು ಬದಿಗೆ ಅಷ್ಟೇ ಕಡಿಮೆ ತೋರಿಸುತ್ತದೆ. ನಾಲ್ಕು ಚಕ್ರದ ಜಾಗಕ್ಕೂ ನೀರಿನ ಪೈಪ್ ಹಿಡಿದು ಲೆವೆಲ್ ನೋಡಿ, ತಗ್ಗಿರುವ ಕಡೆ ಟೈರಿನ ಕೆಳಗೆ ತೆಳು ಹಲಗೆ ಕೊಡಿ.

ಗಾಳಿ ಸರಿ ಮಾಡಿ, ಅರ್ಧ ಟ್ಯಾಂಕ್ ಪೆಟ್ರೋಲ್ ಇರಲಿ, ಚಾಲಕನ ಸೀಟಿನಲ್ಲಿ ನಿಮ್ಮ ತೂಕ ಇರಲಿ. ಕೂರಲು ಯಾರೂ ಸಿಗದಿದ್ದರೆ ತೊಗರಿ ಬೇಳೆಯ ಚೀಲ ಇದೆಯಲ್ಲ. ಕಾರನ್ನು ನಾಲ್ಕೈದು ಸಲ ಒತ್ತಿ ಬಿಡಿ, ಸ್ವಲ್ಪ ಹಿಂದೆ ಮುಂದೆ ತಳ್ಳಿ, ಆಮೇಲೆ ಅಳತೆ.

ಕ್ಯಾಂಬರ್ ಮೊದಲು, ಟೋ (ಮೇಲಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವುದು) ಆಮೇಲೆ. ಕ್ಯಾಂಬರ್ ಬದಲಾದರೆ ಟೋ ತಾನಾಗಿ ಬದಲಾಗುತ್ತದೆ, ಉಲ್ಟಾ ಮಾಡಿದರೆ ಎರಡು ಸಲ ಕೆಲಸ. ಗುಂಡಿನ ದಾರವನ್ನು ಚಕ್ರದ ಪಕ್ಕ ಇಳಿಬಿಟ್ಟು, ರಿಮ್‌ನ ಮೇಲಿನ ಅಂಚಿಗೂ ಕೆಳಗಿನ ಅಂಚಿಗೂ ದಾರದಿಂದ ಎಷ್ಟು ದೂರ ಅಂತ ಸ್ಕೇಲ್ ಹಿಡಿಯಿರಿ. ಅಂಚಿನಿಂದ ಅಂಚಿಗೆ 400 ಮಿಲಿಮೀಟರ್ ಇದ್ದರೆ, 7 ಮಿಲಿಮೀಟರ್ ವ್ಯತ್ಯಾಸ ಅಂದರೆ 1 ಡಿಗ್ರಿ. ಮೇಲಿನ ಅಂಚು ಒಳಗೆ ವಾಲಿದ್ದರೆ ಅದು ಮೈನಸ್ ಕ್ಯಾಂಬರ್. ನಮಗೆ ಬೇಕಾದದ್ದು ಅದೇ.

ಕಾರ್ಖಾನೆಯಿಂದ ಬರುವಾಗ ಮುಂದೆ ಸೊನ್ನೆಯ ಆಸುಪಾಸು ಇರುತ್ತದೆ. ದಿನವೂ ಓಡುವ ಕಾರಿಗೆ ಮೈನಸ್ 1.5 ಸಾಕು. ಎರಡಕ್ಕಿಂತ ಜಾಸ್ತಿ ಬೇಕು ಅನ್ನುವವರು ಟೈರಿನ ಒಳ ಅಂಚನ್ನು ವಾರಕ್ಕೊಮ್ಮೆ ನೋಡುವ ತಾಳ್ಮೆ ಇಟ್ಟುಕೊಳ್ಳಬೇಕು. ಎಡಕ್ಕೂ ಬಲಕ್ಕೂ ಕಾಲು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಬೇಡ. ಸ್ಟ್ರಟ್ ಮತ್ತು ನಕಲ್ (ಚಕ್ರದ ಹಬ್ ಹಿಡಿದಿರುವ ಲೋಹದ ಭಾಗ) ಎರಡು ಬೋಲ್ಟ್‌ನಿಂದ ಸೇರಿರುವ ಕಾರಾದರೆ ಮೇಲಿನ ಬೋಲ್ಟ್ ತೆಗೆದು ಕ್ಯಾಂಬರ್ ಬೋಲ್ಟ್ ಹಾಕಬಹುದು, ಒಂದೂವರೆ ಡಿಗ್ರಿಯಷ್ಟು ಸಿಗುತ್ತದೆ. ಕೆಲವು ಕಾರುಗಳಲ್ಲಿ ಸ್ಟ್ರಟ್ ಕೊಳವೆ ನಕಲ್ ಒಳಗೇ ಕೂರುತ್ತದೆ, ಅವಕ್ಕೆ ಈ ಬೋಲ್ಟ್ ಆಗುವುದಿಲ್ಲ, ಕೊಳ್ಳುವ ಮುಂಚೆ ಬಗ್ಗಿ ನೋಡಿ. ಹಾಕಿದ ಮೇಲೆ ಟೈರಿಗೂ ಸ್ಟ್ರಟ್‌ಗೂ ನಡುವೆ ಕಿರುಬೆರಳು ತೂರುವಷ್ಟು ಜಾಗ ಉಳಿದಿರಬೇಕು.

ಟೋಗೆ ಕಾರಿನ ಎರಡೂ ಬದಿ, ಚಕ್ರದ ನಡುವಿನ ಎತ್ತರದಲ್ಲಿ, ಒಂದಕ್ಕೊಂದು ಸಮಾನಾಂತರವಾಗಿ ದಾರ ಕಟ್ಟಿ. ರಿಮ್‌ನ ಮುಂದಿನ ಅಂಚು, ಹಿಂದಿನ ಅಂಚು ದಾರದಿಂದ ಎಷ್ಟು ದೂರ ಅಂತ ಅಳೆಯಿರಿ. ಮುಂದೆ ಸೊನ್ನೆ ಟೋ ಇಡಿ. ಎರಡೂ ಸೇರಿ 1–2 ಮಿಲಿಮೀಟರ್ ಹೊರಕ್ಕೆ ಇಟ್ಟರೆ ಕಾರು ಚುರುಕಾಗಿ ಒಳಕ್ಕೆ ನುಗ್ಗುತ್ತದೆ ನಿಜ, ಆದರೆ ಹುಮನಾಬಾದ್ ದಾಟಿ ಹೆದ್ದಾರಿಯಲ್ಲಿ ಮೂರು ತಾಸು ಸ್ಟೀರಿಂಗ್ ಹಿಡಿದು ಕೂರುವವರು ನೀವೇ ಅಲ್ವಾ? ಟೈರ್ ತಿನ್ನುವುದರಲ್ಲೂ ಕ್ಯಾಂಬರ್‌ಗಿಂತ ಟೋ ಕೆಟ್ಟದ್ದು. ಟೈ ರಾಡ್ ತಿರುಗಿಸುವಾಗ ಎರಡೂ ಬದಿ ಸಮ ತಿರುಗಿಸಿ, ಲಾಕ್ ನಟ್ ಬಿಗಿ ಮಾಡಲು ಮರೆಯಬೇಡಿ.

ಹಿಂದಿನ ಟಾರ್ಷನ್ ಬೀಮ್‌ನಲ್ಲಿ ತಿರುಗಿಸಲು ಏನೂ ಇಲ್ಲ. ಆದರೂ ಅಳೆಯಿರಿ, ಡೊಂಕಾಗಿದ್ದರೆ ಗೊತ್ತಾಗಲಿ.

ಅಂಗಡಿಯಲ್ಲಿ ಮಾಡಿಸುವುದಾದರೆ ಪರದೆಯಲ್ಲಿ ಹಸಿರು ಬಂದ ಕೂಡಲೇ ಕೆಲಸ ಮುಗಿಯಿತು ಅನ್ನುತ್ತಾರೆ. ಹಸಿರು ಅಂದರೆ ಕಾರ್ಖಾನೆಯ ಮಿತಿ ಅಷ್ಟೇ. ಅಂಕಿಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, “ಉಸ್ತಾದ್, ಹಸಿರು ಬರ್ಲಿಲ್ಲಂದ್ರೂ ನಡೀತದ, ನನಗ ಇದೇ ನಂಬರ್ ಬೇಕ್ರಿ” ಅಂತ ಮೊದಲೇ ಹೇಳಿ. ಕೆಲಸಕ್ಕೆ ಮುಂಚಿನದು, ನಂತರದ್ದು, ಎರಡೂ ಪ್ರಿಂಟ್ ಇಸಿದುಕೊಳ್ಳಿ. ಆಮೇಲೆ ನೇರ ರಸ್ತೆಯಲ್ಲಿ ಸ್ಟೀರಿಂಗ್ ಓರೆ ನಿಂತರೆ ಟೈ ರಾಡ್ ಎರಡೂ ಬದಿ ಸಮ ತಿರುಗಿಸಿಲ್ಲ, ಇಎಸ್‌ಪಿ (ಕಾರು ಜಾರದಂತೆ ತಡೆಯುವ ವ್ಯವಸ್ಥೆ) ದೀಪ ಹತ್ತಿದರೆ ಸ್ಟೀರಿಂಗ್ ಸೆನ್ಸರ್‌ನ ಸೊನ್ನೆ ತಪ್ಪಿರಬಹುದು, ಎರಡಕ್ಕೂ ವಾಪಸ್ ಹೋಗಿ.

## ಹಂತ 5: ಶಾಕ್, ಬಾರ್, ಆಮೇಲೆ ಸ್ಪ್ರಿಂಗ್

ಮೇಲಿನ ನಾಲ್ಕು ಹಂತ ಮುಗಿಸಿ ಒಂದೆರಡು ಸ್ಪರ್ಧೆ ಓಡಿದ ಮೇಲೆಯೇ ಇಲ್ಲಿಗೆ ಬನ್ನಿ.

ಮೊದಲು ಗಟ್ಟಿ ಶಾಕ್ ಅಬ್ಸಾರ್ಬರ್. ಕೋನ್‌ಗಳ ನಡುವೆ ಕಾರು ಎಡಕ್ಕೆ ಬಲಕ್ಕೆ ಬೇಗ ಬೇಗ ವಾಲುತ್ತದೆ, ಆ ವಾಲಾಟದ ವೇಗ ಹಿಡಿಯುವುದು ಇದೇ. ಆಮೇಲೆ ಹಿಂದಿನ ಆಂಟಿ ರೋಲ್ ಬಾರ್ (ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಸಲಾಕೆ). ಇದು ಮುಂದಿನ ಟೈರಿನ ಹೊರೆ ಸ್ವಲ್ಪ ಹಿಂದಕ್ಕೆ ಹಂಚುತ್ತದೆ, ಮೂತಿ ತಿರುಗುತ್ತದೆ. ತಿರುವಿನಲ್ಲಿ ಹಿಂದಿನ ಒಳಚಕ್ರ ನೆಲ ಬಿಟ್ಟು ಏಳಬಹುದು, ಹೆದರಬೇಡಿ. ಮಳೆಯಲ್ಲಿ ಮಾತ್ರ ಹೆದರಿ. ಒದ್ದೆ ಹೆದ್ದಾರಿಯಲ್ಲಿ ತಿರುವಿನ ನಡುವೆ ಆಕ್ಸಿಲರೇಟರ್ ಬಿಟ್ಟರೆ ಬಾಲ ಹೊರಗೆ ಬರುತ್ತದೆ.

ಸ್ಪ್ರಿಂಗ್ ಕೊನೆಗೆ. ಕತ್ತರಿಸಿ ಚಿಕ್ಕದು ಮಾಡಿಸುವುದಂತೂ ಬೇಡವೇ ಬೇಡ. ಚಕ್ರ ಕೆಳಗಿಳಿದಾಗ ಕತ್ತರಿಸಿದ ಸ್ಪ್ರಿಂಗ್ ತನ್ನ ಸೀಟಿನಿಂದ ಜಾರಬಹುದು. ಕಾರನ್ನು ವಿಪರೀತ ಕೆಳಗಿಳಿಸಿದರೆ ಇನ್ನೊಂದು ಫಜೀತಿ: ಲೋವರ್ ಆರ್ಮ್ ಚಕ್ರದ ಕಡೆ ಮೇಲಕ್ಕೆ ಓರೆಯಾಗುತ್ತದೆ, ಆಗ ತಿರುವಿನಲ್ಲಿ ಸ್ಟ್ರಟ್ ಕಾರಿಗೆ ಸಿಗಬೇಕಾದ ಮೈನಸ್ ಕ್ಯಾಂಬರ್ ಸಿಗುವುದಿಲ್ಲ. ಅದರ ಮೇಲೆ ಸಸ್ಪೆನ್ಷನ್ ಬಂಪ್ ಸ್ಟಾಪ್‌ಗೆ (ಶಾಕ್ ಪೂರ್ತಿ ಕುಗ್ಗಿದಾಗ ತಡೆಯುವ ರಬ್ಬರ್) ಗುದ್ದಿದ ಕ್ಷಣ ಮುಂದಿನ ಗ್ರಿಪ್ ತಟ್ಟನೆ ಹೋಗುತ್ತದೆ. ಸ್ಪ್ರಿಂಗ್ ಹಾಕಿಸಿದ ಮೇಲೂ ಗಾಡಿ ಸೀದಾ ಹೊಂಟದ ಅನ್ನುವವರ ಕಾರಿನಲ್ಲಿ ಹೆಚ್ಚಾಗಿ ಆಗಿರುವುದು ಇದೇ. ಪರೀಕ್ಷೆ ಸುಲಭ. ಶಾಕ್‌ನ ಧೂಳಿನ ರಬ್ಬರ್ ಸರಿಸಿ, ಹೊಳೆಯುವ ರಾಡ್‌ಗೆ ಒಂದು ಪ್ಲಾಸ್ಟಿಕ್ ಟೈ ಕಟ್ಟಿ ಕೆಳಗೆ ಇಳಿಸಿಬಿಡಿ. ಓಡಿಸಿ ಬಂದಾಗ ಅದು ಬಂಪ್ ಸ್ಟಾಪ್‌ವರೆಗೆ ಏರಿದ್ದರೆ ಸಂಶಯ ಬೇಡ.

ಎರಡು ಎಚ್ಚರಿಕೆ. ಸ್ಪ್ರಿಂಗ್ ಕಂಪ್ರೆಸರ್ (ಸ್ಪ್ರಿಂಗ್ ಅದುಮಿ ಹಿಡಿಯುವ ಸಾಧನ) ಕೆಲಸ ಮೊದಲ ಸಲ ಒಬ್ಬರೇ ಮಾಡಬೇಡಿ, ಅದು ಚಿಮ್ಮಿದರೆ ಮುಖ ಮೂತಿ ಉಳಿಯುವುದಿಲ್ಲ. ಮತ್ತೆ ಲೋವರ್ ಆರ್ಮ್ ಬುಷ್ ಬೋಲ್ಟ್‌ಗಳನ್ನು ಚಕ್ರ ನೆಲಕ್ಕೆ ಕೂತು ಕಾರಿನ ತೂಕ ಬಿದ್ದ ಮೇಲೆಯೇ ಕೊನೆಯ ಬಿಗಿ ಕೊಡಿ. ಗಾಳಿಯಲ್ಲಿ ನೇತಾಡುವಾಗ ಬಿಗಿದರೆ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಸೀಳುತ್ತದೆ. ಯಾವ ಭಾಗ ಬದಲಾಯಿಸಿದರೂ ಹಂತ 4 ಮತ್ತೆ.

## ಹಂತ 6: ಪರೀಕ್ಷೆ

ರಿಂಗ್ ರೋಡ್ ಬೇಡ, ರಾತ್ರಿ ಹನ್ನೆರಡಕ್ಕೂ ಬೇಡ. ಸಾರ್ವಜನಿಕ ಜಾಗದಲ್ಲಿ ರೇಸ್, ವೇಗ ಪರೀಕ್ಷೆ ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ಅಪರಾಧ. ನಮ್ಮೂರಲ್ಲಿ ದಾಲ್ ಮಿಲ್‌ಗಳಿಗೆ ಬರವಿಲ್ಲ. ಪರಿಚಯದವರ ಮಿಲ್‌ನಲ್ಲಿ ಕಾಂಕ್ರೀಟ್ ಅಂಗಳ ಇದ್ದರೆ ಕೆಲಸ ಇಲ್ಲದ ದಿನ ಕೇಳಿ. ಪೊರಕೆ ತಗೊಂಡು ಹೋಗಿ, ಬಿದ್ದ ತೊಗರಿ ಕಾಳಿನ ಮೇಲೆ ಎಂಥ ಟೈರೂ ನಿಲ್ಲುವುದಿಲ್ಲ.

ಗೋಡೆ, ಕಂಬಗಳಿಂದ ದೂರ ಎರಡು ಕೋನ್ ಇಟ್ಟು ಎಂಟರ ಆಕಾರದಲ್ಲಿ ಓಡಿಸಿ. ತಿರುವು ಶುರುವಾಗುವಾಗಲೇ ಮೂತಿ ಸೀದಾ ಹೋದರೆ ನಿಮ್ಮ ವೇಗ ಜಾಸ್ತಿ ಇರಬಹುದು. ಕಾರನ್ನು ಬೈಯುವ ಮುಂಚೆ ಬೇಗ ಬ್ರೇಕ್ ಹಾಕಿ ಇನ್ನೊಮ್ಮೆ ನೋಡಿ. ವೇಗ ಸರಿ ಇದ್ದೂ ತಿರುವಿನ ನಡುವೆ ಹೊರಗೆ ಸರಿದರೆ ಮುಂದಿನ ಬಿಳಿ ಗೆರೆ ನೋಡಿ ಗಾಳಿ ತಿದ್ದಿ. ಅದು ಸರಿ ಇದ್ದರೆ ಹಿಂದಿನ ಗಾಳಿ 2 ಏರಿಸಿ, ಹಿಂದಿನ ಹಿಡಿತ ಸ್ವಲ್ಪ ಕಡಿಮೆಯಾಗಿ ಕಾರು ತಿರುಗುತ್ತದೆ. ಬಾಲ ಜಾಸ್ತಿ ಆಡಿದರೆ ಅದನ್ನೇ ಇಳಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದನ್ನು ಬರೆದಿಡಿ: ಸಮಯ, ಬಿಸಿಲು, ನಾಲ್ಕೂ ಟೈರಿನ ಗಾಳಿ, ಕಾರು ಹೇಗೆ ನಡೆದುಕೊಂಡಿತು. ನೆನಪಿನಲ್ಲಿ ಇಟ್ಟುಕೊಳ್ಳುತ್ತೇನೆ ಅಂದವರು ಯಾರೂ ಇಟ್ಟುಕೊಂಡಿಲ್ಲ, ನಾನೂ ಸೇರಿ.

ನಮ್ಮ ದೇಶದಲ್ಲಿ ಆಟೋಕ್ರಾಸ್ ಎಷ್ಟೋ ಸಲ ಮಣ್ಣಿನ ಮೇಲೆಯೇ ನಡೆಯುತ್ತದೆ, ಅದನ್ನು ಮೊದಲೇ ವಿಚಾರಿಸಿ. ಮಣ್ಣಾದರೆ ಕಾರು ಕೆಳಗಿಳಿಸುವುದು, ಜಾಸ್ತಿ ಕ್ಯಾಂಬರ್, ಏರಿಸಿದ ಗಾಳಿ ಯಾವುದೂ ಬೇಡ. ಚೀಟಿಯ ಅಂಕಿ ಇಡಿ, ಟ್ರೆಡ್ ಆಳ ಇರುವ ಟೈರ್ ಹಾಕಿ. ಎರೆಮಣ್ಣು ಒದ್ದೆಯಾಗಿದ್ದರೆ ರನ್ ಮುಗಿದ ಕೂಡಲೇ ಚಕ್ರದ ಒಳಗಿಂದ ಮಣ್ಣು ಕೆರೆದು ತೆಗೆಯಿರಿ, ಒಣಗಿದರೆ ಚಕ್ರದ ಸಮತೋಲ ತಪ್ಪಿ ಸ್ಟೀರಿಂಗ್ ನಡುಗುತ್ತದೆ.

## ಹಂತ 7: ಆ ದಿನ, ಮತ್ತೆ ವಾಪಸ್ ದಾರಿ

ಕಾರಿನ ಒಳಗೆ ಸಡಿಲ ಇರುವುದೆಲ್ಲ ಹೊರಗೆ: ಸ್ಟೆಪ್ನಿ, ಜ್ಯಾಕ್, ನೀರಿನ ಬಾಟಲಿ, ಮುಖ್ಯವಾಗಿ ಚಾಲಕನ ಕಾಲಡಿಯ ಮ್ಯಾಟ್. ವೀಲ್ ನಟ್‌ಗಳನ್ನು ಟಾರ್ಕ್ ವ್ರೆಂಚ್‌ನಿಂದ ನೋಡಿ. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್, ನಿಮ್ಮದು ಎಷ್ಟು ಅಂತ ಕಾರಿನ ಪುಸ್ತಕದಲ್ಲಿ ಇರುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಗನ್‌ನಿಂದ ಬಿಗಿದದ್ದನ್ನು ಹಾಗೇ ನಂಬಬೇಡಿ. ಮೊದಲ ರನ್ ಮುಗಿದ ಮೇಲೆ ಇನ್ನೊಮ್ಮೆ ನೋಡಿ.

ಇನ್‌ಫ್ರಾರೆಡ್ ಗನ್ ಹಿಡಿದು ಟೈರ್ ಬಿಸಿ ಅಳೆಯುವವರು ಈಗ ಜಾಸ್ತಿ ಆಗಿದ್ದಾರೆ. ಅದು ಮೇಲ್ಮೈ ಬಿಸಿ ಮಾತ್ರ ತೋರಿಸುತ್ತದೆ, ಕಾರು ನಿಂತ ಕೂಡಲೇ ಅದು ಇಳಿಯಲು ಶುರುವಾಗುತ್ತದೆ. ಒಂದು ನಿಮಿಷದ ರನ್‌ಗೆ ಬಿಳಿ ಗೆರೆಯೇ ನನಗೆ ಹೆಚ್ಚು ನಂಬಿಕೆ.

ಮುಗಿದ ಮೇಲೆ ಟೈರ್ ತಣ್ಣಗಾಗಲು ಬಿಡಿ. ಬಿಸಿ ಇರುವಾಗಲೇ ಗಾಳಿ ಚೀಟಿಯ ಅಂಕಿಗೆ ಇಳಿಸಿದರೆ ರಾತ್ರಿ ತಣ್ಣಗಾದಾಗ ಕಡಿಮೆ ಬೀಳುತ್ತದೆ. ನಾಲ್ಕೂ ಟೈರಿನ ಭುಜ, ಒಳಗೋಡೆ ಕೈಯಾಡಿಸಿ ನೋಡಿ, ನಟ್ ಇನ್ನೊಮ್ಮೆ ಬಿಗಿ ನೋಡಿ, ಸ್ಟೆಪ್ನಿ ವಾಪಸ್ ಇಟ್ಟಿದ್ದೀರಾ ನೋಡಿ. ನಾನು ಒಮ್ಮೆ ಅದನ್ನು ಮೈದಾನದಲ್ಲೇ ಬಿಟ್ಟು ಜಹೀರಾಬಾದ್‌ವರೆಗೆ ಬಂದಿದ್ದೆ. ಊರಿಗೆ ಬಂದು 500 ಕಿಲೋಮೀಟರ್ ಓಡಿದ ಮೇಲೆ ಮುಂದಿನ ಟೈರಿನ ಒಳ ಅಂಚಿಗೆ ಅಂಗೈ ಸವರಿ. ಒಂದು ದಿಕ್ಕಿಗೆ ನುಣ್ಣಗೆ, ವಾಪಸ್ ಸವರಿದಾಗ ಗರಗಸದ ಹಾಗೆ ತಾಗಿದರೆ ಟೋ ತಪ್ಪಿದೆ, ದಾರ ಮತ್ತೆ ಕಟ್ಟಿ.